ಮೈನಸ್ ಚಳಿಗೆ ಯಾವ ಗ್ಯಾಸಿನ ಹೀಟ್ ಪಂಪ್? ನಮ್ಮ ಮೈಸೂರಿನ ಬಿಸಿನೀರಿಗೆ ಯಾವುದು?

ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇವೆ. ಒಂದು ಇಲ್ಲಿಯದು, ಇನ್ನೊಂದು ದೂರದ್ದು.

ಇಲ್ಲಿಯದು ಮೊದಲು. ನನ್ನ ತಂಗಿ ಮನೆಯವರು ಮೈಸೂರಿನಲ್ಲಿ ಹನ್ನೆರಡು ರೂಮಿನ ಲಾಡ್ಜ್ ನಡೆಸುತ್ತಾರೆ. ಸೋಲಾರ್ ಇತ್ತು. ಮೋಡ ಕವಿದ ದಿನ ಸಾಲುತ್ತಿರಲಿಲ್ಲ. ಕಳೆದ ವರ್ಷ 500 ಲೀಟರ್ ಟ್ಯಾಂಕಿನ ಹೀಟ್ ಪಂಪ್, ಅಂದರೆ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಯಂತ್ರ, ಹಾಕಿಸಿದರು. ಒಳಗೆ ಆ ಶಾಖ ಹೊತ್ತು ಸುತ್ತುವುದು ಆರ್-134ಎ ಗ್ಯಾಸ್. ಬೇಸಿಗೆಯಲ್ಲಿ ಚೆನ್ನಾಗಿತ್ತು. ಡಿಸೆಂಬರ್ ಬಂದ ಮೇಲೆ ಬೆಳಗ್ಗೆ ಆರಕ್ಕೆ ನೀರು ಬರೀ ಉಗುರುಬೆಚ್ಚಗೆ ಬರುತ್ತಿದೆ. ಗೆಸ್ಟ್‌ಗಳು ಬೈದು ಹೋಗುತ್ತಿದ್ದಾರೆ. ಹಾಕಿಕೊಟ್ಟವರನ್ನು ಕೇಳಿದರೆ "ಇದು ಚಳಿಗೆ ಆಗದ ಗ್ಯಾಸ್. ತೆಗೆದು ಆರ್-32 ತುಂಬಿದರೆ ಸರಿಹೋಗುತ್ತದೆ" ಎನ್ನುತ್ತಾರೆ. ಅದಕ್ಕೆ ಬೇರೆ ದುಡ್ಡು ಕೇಳುತ್ತಿದ್ದಾರೆ.

ಎರಡನೆಯದು ಮಗಳದು. ಅವಳು ಕೆನಡಾದ ಒಟ್ಟಾವಾದಲ್ಲಿ ಮನೆ ತೆಗೆದುಕೊಂಡಿದ್ದಾಳೆ. ಗ್ಯಾಸ್ ಉರಿಸಿ ಮನೆ ಬೆಚ್ಚಗಿಡುವ ಹಳೆಯ ಫರ್ನೇಸ್ ತೆಗೆದು ಹೀಟ್ ಪಂಪ್ ಹಾಕಿಸಬೇಕಂತೆ. ಅಲ್ಲಿ ಜನವರಿ ರಾತ್ರಿ ಮೈನಸ್ 20, ಕೆಲವು ದಿನ ಮೈನಸ್ 25. ಮೂರು ಕಡೆಯಿಂದ ರೇಟ್ ಬಂದಿದೆ. ಒಬ್ಬರದು ಉಳಿದ ಸ್ಟಾಕಿನ ಆರ್-410ಎ, ಒಬ್ಬರದು ಆರ್-32, ಇನ್ನೊಬ್ಬರದು ಆರ್-454ಬಿ. "ಅಪ್ಪ, ನೀನು ಬಾಯ್ಲರ್ ಹೌಸಿನಲ್ಲಿ ಮೂವತ್ತು ವರ್ಷ ಇದ್ದೆಯಲ್ಲ, ಯಾವುದು ಒಳ್ಳೆಯದು ಹೇಳು" ಎಂದು ಕೇಳಿದಳು. ನನಗೆ ಸ್ಟೀಮ್ ಗೊತ್ತು. ಈ ಗ್ಯಾಸ್‌ಗಳ ಲೆಕ್ಕ ಗೊತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹೆಬ್ಬಾಳ ರೆಫ್ರಿಜರೇಷನ್

ಸರ್, ಮೊದಲು ಒಂದು ಮಾತು. ಆರ್-134ಎ ಯಂತ್ರಕ್ಕೆ ಆರ್-32 ತುಂಬಲು ಯಾರಿಗೂ ಬಿಡಬೇಡಿ. ಇವತ್ತೇ ಫೋನ್ ಮಾಡಿ ಬೇಡ ಎಂದುಬಿಡಿ.

ಕಾರಣ ಹೇಳುತ್ತೇನೆ. ನೀರು ಕಾಯಿಸುವ ಕಾಯಿಲ್ ಒಳಗೆ ಗ್ಯಾಸ್ ಸುಮಾರು 50 ಡಿಗ್ರಿಯಲ್ಲಿ ದ್ರವ ಆಗುತ್ತದೆ ಎಂದಿಟ್ಟುಕೊಳ್ಳಿ. ಆಗ ಆರ್-134ಎ ಪ್ರೆಶರ್ 13 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡ). ಅದೇ ಬಿಸಿಯಲ್ಲಿ ಆರ್-32 ಪ್ರೆಶರ್ 31 ಬಾರ್. ಸೈಕಲ್ ಟ್ಯೂಬಿಗೆ ಲಾರಿ ಟೈರಿನ ಗಾಳಿ ಹೊಡೆದ ಹಾಗೆ. ಕಾಯಿಲ್, ಜಾಯಿಂಟ್, ಕಂಪ್ರೆಸರ್ ಯಾವುದೂ ಅದಕ್ಕೆ ಮಾಡಿದ್ದಲ್ಲ. ಮೇಲಾಗಿ ಆರ್-32ಗೆ ಸ್ವಲ್ಪ ಬೆಂಕಿ ಹಿಡಿಯುವ ಗುಣ ಇದೆ. ಹಳೆಯ ಯಂತ್ರದ ವೈರಿಂಗ್, ರಿಲೇ ಅದನ್ನು ಲೆಕ್ಕಕ್ಕೆ ತಗೊಂಡು ಮಾಡಿರುವುದಿಲ್ಲ.

ಎರಡನೆಯದು, ಮೈಸೂರಿನ ಚಳಿ ಆರ್-134ಎಗೆ ಚಳಿಯೇ ಅಲ್ಲ. ಅದು ಮಾಮೂಲಿ ಗಾಳಿ ಒತ್ತಡದಲ್ಲಿ ಕುದಿಯುವುದು ಮೈನಸ್ 26ರಲ್ಲಿ. ನಮ್ಮಲ್ಲಿ ಜನವರಿ ಬೆಳಗ್ಗೆ 14, 15 ಇರುತ್ತದೆ, ಅಲ್ವಾ? ತೊಂದರೆ ಗ್ಯಾಸಿನದಲ್ಲ, ಬೇರೆ ಎಲ್ಲೋ ಇದೆ.

ಮೂರು ವಿಷಯ ಹೇಳಿ. ಯಂತ್ರ ಎಲ್ಲಿ ಕೂರಿಸಿದ್ದಾರೆ? ಗಾಳಿಯಿಂದ ಶಾಖ ಎಳೆಯುವ ಕಡೆಯ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆಯಾ? ಎಷ್ಟು ಗಂಟೆಗೆ ಓಡುತ್ತದೆ?

ಸರಸ್ವತಿಪುರಂ ನಿವಾಸಿ

ಫೋನ್ ಮಾಡಿ ನಿಲ್ಲಿಸಿದೆ. ತುಂಬಾ ಉಪಕಾರವಾಯಿತು.

ಯಂತ್ರ ಟೆರೇಸಿನಲ್ಲಿದೆ. ಮೆಟ್ಟಿಲಿನ ಹೆಡ್‌ರೂಮ್ ಪಕ್ಕ ಮೂರು ಕಡೆ ಶೀಟ್ ಹೊಡೆದು, ಮಳೆ ಬೀಳದ ಹಾಗೆ ಒಂದು ಗೂಡು ಮಾಡಿದ್ದಾರೆ. ಬೆಳಗ್ಗೆ ಹೋಗಿ ನೋಡಿದೆ. ಕಾಯಿಲ್ ಮೇಲೆ ಬಿಳಿ ಐಸ್ ಇತ್ತು. ಟೈಮರ್ ಬೆಳಗಿನ ಜಾವ ಮೂರರಿಂದ ಆರರವರೆಗೆ ಇಟ್ಟಿದ್ದಾರೆ.

ಹೆಬ್ಬಾಳ ರೆಫ್ರಿಜರೇಷನ್

ಸಿಕ್ಕಿತು ಸರ್. ಹೀಟ್ ಪಂಪ್ ಗಾಳಿಯಿಂದ ಶಾಖ ಹೀರಿಕೊಂಡು ತಣ್ಣನೆ ಗಾಳಿ ಬಿಡುತ್ತದೆ. ಆ ಗಾಳಿ ಗೂಡಿನಿಂದ ಆಚೆ ಹೋಗದೆ ಅಲ್ಲೇ ಸುತ್ತುತ್ತಿದೆ. ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಒಂದು ಥರ್ಮಾಮೀಟರ್ ಯಂತ್ರದ ಪಕ್ಕ ಇಡಿ, ಇನ್ನೊಂದು ಟೆರೇಸಿನ ಬಯಲಲ್ಲಿ ಇಡಿ. ವ್ಯತ್ಯಾಸ ನೋಡಿ ಹೇಳಿ.

ಟೈಮರ್ ಕೂಡ ತಪ್ಪು. ಇಡೀ ದಿನದಲ್ಲಿ ತುಂಬಾ ಚಳಿ ಇರುವ ಮೂರು ಗಂಟೆಯನ್ನೇ ಆರಿಸಿದ್ದಾರೆ. ಮೈಸೂರಿನಲ್ಲಿ ಜನವರಿ ಮಧ್ಯಾಹ್ನ 27, 28 ಡಿಗ್ರಿ ಬಿಸಿಲು. ಆಗ ಕಾಯಿಸಿ ಟ್ಯಾಂಕಿನಲ್ಲಿಟ್ಟರೆ ಒಳ್ಳೆಯ ಇನ್ಸುಲೇಷನ್ ಇರುವ ಟ್ಯಾಂಕ್ ಬೆಳಗ್ಗೆವರೆಗೆ ಕಳೆದುಕೊಳ್ಳುವುದು ಕೆಲವೇ ಡಿಗ್ರಿ.

ಒಟ್ಟಾವಾ ವಿಷಯ ನನ್ನ ಅನುಭವಕ್ಕೆ ಮೀರಿದ್ದು. ಅದನ್ನು ಮಂಡ್ಯದ ಮೇಡಂ ಹೇಳಲಿ.

ಮಂಡ್ಯ ಮೆಕ್ಯಾನಿಕಲ್ ಮೇಡಂ

ಹೆಬ್ಬಾಳದ ಮೇಸ್ತ್ರಿಯವರು ಹೇಳಿದ್ದು ಪೂರ್ತಿ ಸರಿ. ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಥರ್ಮೋಡೈನಮಿಕ್ಸ್ ಪಾಠ ಮಾಡುತ್ತೇನೆ. ಮಗಳ ಪ್ರಶ್ನೆಗೆ ಸ್ವಲ್ಪ ಬುಡದಿಂದ ಉತ್ತರ ಕೊಡುತ್ತೇನೆ. ಉದ್ದವಾಗುತ್ತದೆ, ಆದರೂ ಓದಿ.

ಹೀಟ್ ಪಂಪ್ ಶಾಖ ಹುಟ್ಟಿಸುವುದಿಲ್ಲ, ಎತ್ತುತ್ತದೆ. ನಮ್ಮ ಕಡೆ ಪಂಪ್‌ಸೆಟ್ ನೀರು ಎತ್ತಿದ ಹಾಗೆ. ಬೋರ್‌ವೆಲ್ಲಿನಲ್ಲಿ ನೀರು ಕೆಳಗೆ ಹೋದಷ್ಟೂ ಅದೇ ಒಂದು ಕೊಡ ನೀರಿಗೆ ಕರೆಂಟ್ ಜಾಸ್ತಿ ಬೇಕು. ಇಲ್ಲಿ ಹೊರಗಿನ ಗಾಳಿಯೇ ಬೋರಿನ ತಳ. ನಿಮಗೆ ಬೇಕಾದ ಬಿಸಿಯೇ ಮೇಲಿನ ತೊಟ್ಟಿ.

ಲೆಕ್ಕ ಹಾಕೋಣ. 55 ಡಿಗ್ರಿ ನೀರು ಬೇಕು, ಹೊರಗೆ 15 ಡಿಗ್ರಿ ಇದೆ. 55ಕ್ಕೆ 273 ಸೇರಿಸಿದರೆ 328 ಕೆಲ್ವಿನ್, ವಿಜ್ಞಾನದಲ್ಲಿ ಬಿಸಿ ಅಳೆಯುವ ಲೆಕ್ಕ. ಎತ್ತಬೇಕಾದ ಎತ್ತರ 40. 328ನ್ನು 40ರಿಂದ ಭಾಗಿಸಿದರೆ 8.2. ಅಂದರೆ ಒಂದು ಯುನಿಟ್ ಕರೆಂಟಿಗೆ ಹೆಚ್ಚೆಂದರೆ 8.2 ಯುನಿಟ್ ಶಾಖ. ಪ್ರಕೃತಿ ಹಾಕಿರುವ ಮಿತಿ ಅದು. ನಿಜವಾದ ಯಂತ್ರ ಅದರ ಅರ್ಧಕ್ಕೆ ಹತ್ತಿರ ಬಂದರೆ ಒಳ್ಳೆಯ ಯಂತ್ರ. ಹೊರಗೆ ಮೈನಸ್ 15 ಆದರೆ ಎತ್ತರ 70, ಮಿತಿ 4.7ಕ್ಕೆ ಇಳಿಯುತ್ತದೆ. ಅದೇ ಮೈನಸ್ 15ರಲ್ಲಿ 55 ಬೇಡ, ಮನೆ ಬೆಚ್ಚಗಿಡಲು ನೆಲದೊಳಗೆ ಹಾಯಿಸಿದ ಪೈಪಿಗೆ 35 ಡಿಗ್ರಿ ನೀರು ಸಾಕು ಎಂದರೆ ಮಿತಿ ಮತ್ತೆ 6.2ಕ್ಕೆ ಏರುತ್ತದೆ.

ಈ ಲೆಕ್ಕದಲ್ಲಿ ಗ್ಯಾಸಿನ ಹೆಸರು ಎಲ್ಲೂ ಬರಲಿಲ್ಲ ನೋಡಿ. ಆದ್ದರಿಂದ ಗ್ಯಾಸಿಗಿಂತ ಮೊದಲು ಕೇಳಬೇಕಾದ್ದು, ಮನೆಗೆ ಎಷ್ಟು ಡಿಗ್ರಿ ಬಿಸಿ ಸಾಕು ಅನ್ನುವುದು.

ಹಾಗಾದರೆ ಗ್ಯಾಸ್ ಏನು ಮಾಡುತ್ತದೆ? ಆ ಮಿತಿಗೆ ನಾವು ಎಷ್ಟು ಹತ್ತಿರ ಹೋಗಬಹುದು, ಕಂಪ್ರೆಸರ್ ಎಷ್ಟು ಒದ್ದಾಡಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಹೊರಗೆ ಮೈನಸ್ 15 ಇದ್ದಾಗ ಕಾಯಿಲ್ ಅದಕ್ಕಿಂತ ತಣ್ಣಗಿರಬೇಕು, ಮೈನಸ್ 25 ಎನ್ನೋಣ. ಆಗ ಆರ್-134ಎ ಪ್ರೆಶರ್ ಸುಮಾರು 1.06 ಬಾರ್. ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ. ಇನ್ನೂ ಚಳಿಯಾದರೆ ಪೈಪ್ ಒಳಗೆ ವ್ಯಾಕ್ಯೂಮ್ ಆಗಿ, ಸಣ್ಣ ಲೀಕ್ ಇದ್ದರೂ ಗಾಳಿ, ತೇವ ಒಳಗೆ ಬರುತ್ತವೆ. ಅದನ್ನು 50 ಡಿಗ್ರಿಯ 13.2 ಬಾರಿಗೆ ಒತ್ತಬೇಕು. ಹನ್ನೆರಡೂವರೆ ಪಟ್ಟು ಹತ್ತಿರ. ಪ್ರೊಪೇನ್, ಅಂದರೆ ಆರ್-290, ಅದೇ ಮೈನಸ್ 25ರಲ್ಲಿ 2 ಬಾರ್, 50ರಲ್ಲಿ 17 ಬಾರ್. ಎಂಟೂವರೆ ಪಟ್ಟು. ಆರ್-410ಎ, ಆರ್-32 ಎರಡೂ 3.3ರ ಆಸುಪಾಸಿನಿಂದ 31ರ ಹತ್ತಿರಕ್ಕೆ, ಒಂಬತ್ತು ಒಂಬತ್ತೂವರೆ ಪಟ್ಟು. ಮೈಸೂರಿನಲ್ಲಿ ಕಾಯಿಲ್ 5 ಡಿಗ್ರಿ ಇದ್ದರೆ ಆರ್-134ಎಗೆ ಬರೀ ನಾಲ್ಕು ಪಟ್ಟು ಸಾಕು. ಒಂದೇ ಗ್ಯಾಸ್ ನಮ್ಮೂರಲ್ಲಿ ಆರಾಮವಾಗಿ ಓಡಿ ಒಟ್ಟಾವಾದಲ್ಲಿ ಸುಸ್ತಾಗುವುದು ಇದಕ್ಕೇ.

ಇನ್ನೊಂದು ಪೆಟ್ಟು ಇದೆ. ಚಳಿಯಲ್ಲಿ ಗ್ಯಾಸ್ ತೆಳುವಾಗುತ್ತದೆ. ಕಾಯಿಲ್ 5 ಡಿಗ್ರಿಯಿಂದ ಮೈನಸ್ 25ಕ್ಕೆ ಇಳಿದರೆ ಕಂಪ್ರೆಸರಿನ ಒಂದು ಸುತ್ತಿಗೆ ಸಿಗುವ ಆರ್-134ಎ ತೂಕ ಮೂರನೇ ಒಂದು ಭಾಗಕ್ಕೆ ಬೀಳುತ್ತದೆ. ಮನೆಗೆ ಶಾಖ ಜಾಸ್ತಿ ಬೇಕಾದ ರಾತ್ರಿಯೇ ಯಂತ್ರ ಕಡಿಮೆ ಕೊಡುತ್ತದೆ.

ಈಗ ನಿಮ್ಮ ಮಗಳ ಮೂರು ರೇಟ್. ಆರ್-410ಎ ಅಂದರೆ ಆರ್-32, ಆರ್-125 ಅರ್ಧರ್ಧ ಬೆರೆಸಿದ್ದು. ಆರ್-454ಬಿ ಅಂದರೆ ನೂರರಲ್ಲಿ 69ರಷ್ಟು ಆರ್-32, ಉಳಿದದ್ದು ಆರ್-1234ವೈಎಫ್. ಮೂರೂ ಒಂದೇ ಮನೆಯ ಮಕ್ಕಳು. ಚಳಿಯಲ್ಲಿ ಇವುಗಳ ನಡುವೆ ದೊಡ್ಡ ಅಂತರ ಇಲ್ಲ. ಆರ್-32 ಒಂದಕ್ಕೆ ಮಾತ್ರ ಒಂದು ಸ್ವಭಾವ ಇದೆ. ಒತ್ತಿದಾಗ ಕಂಪ್ರೆಸರಿನಿಂದ ಹೊರಗೆ ಬರುವ ಗ್ಯಾಸ್ ಆರ್-410ಎಗಿಂತ ಹದಿನೈದು ಇಪ್ಪತ್ತು ಡಿಗ್ರಿ ಜಾಸ್ತಿ ಬಿಸಿ. ಜಾಸ್ತಿ ಬಿಸಿಯಾದರೆ ಆಯಿಲ್ ಕೆಡುತ್ತದೆ. ಅದಕ್ಕೇ ಮೈನಸ್ ದೇಶದ ಯಂತ್ರಗಳಲ್ಲಿ ಅರ್ಧ ದಾರಿಯಲ್ಲಿ ಸ್ವಲ್ಪ ತಣ್ಣನೆ ಗ್ಯಾಸನ್ನು ಕಂಪ್ರೆಸರಿಗೆ ಚುಚ್ಚುತ್ತಾರೆ. ವೇಪರ್ ಇಂಜೆಕ್ಷನ್ ಎನ್ನುತ್ತಾರೆ. ಬಿಸಿ ಇಳಿಯುತ್ತದೆ, ಕೊಡುವ ಶಾಖವೂ ಏರುತ್ತದೆ. ನನ್ನ ಮಟ್ಟಿಗೆ, ಮೈನಸ್ 20ರಲ್ಲಿ ಇಂಜೆಕ್ಷನ್ ಇದೆಯಾ ಇಲ್ಲವಾ ಅನ್ನುವುದು ಗ್ಯಾಸಿನ ನಂಬರಿಗಿಂತ ದೊಡ್ಡ ಪ್ರಶ್ನೆ.

ಆರ್-410ಎ ಅಗ್ಗ ಎಂದು ತಗೋಬೇಡಿ ಎನ್ನುತ್ತೇನೆ. ಒಂದು ಕೆಜಿ ಗಾಳಿಗೆ ಹೋದರೆ ನೂರು ವರ್ಷದಲ್ಲಿ 2088 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಬಿಸಿ ಮಾಡುತ್ತದೆ. ಆರ್-32ರದು 675, ಆರ್-454ಬಿಯದು 466, ಪ್ರೊಪೇನಿನದು 3. ಅಮೆರಿಕದಲ್ಲಿ 2025ರ ಜನವರಿಯಿಂದ ಮನೆಯ ಹೊಸ ಎಸಿ, ಹೀಟ್ ಪಂಪಿಗೆ ಇದೇ ಲೆಕ್ಕದಲ್ಲಿ 700 ಮಿತಿ. ಆ ಇಡೀ ಮಾರುಕಟ್ಟೆ ಆರ್-410ಎ ಬಿಟ್ಟು ಹೋಗುತ್ತಿದೆ. ಹತ್ತು ವರ್ಷದ ಮೇಲೆ ಲೀಕ್ ಆದರೆ ಗ್ಯಾಸ್ ದುಬಾರಿಯಾಗುತ್ತದೆ. ಇಂಥ ಗ್ಯಾಸ್‌ಗಳನ್ನು ಕಡಿಮೆ ಮಾಡುವ 2016ರ ಕಿಗಾಲಿ ಒಪ್ಪಂದವನ್ನು ನಮ್ಮ ದೇಶವೂ 2021ರಲ್ಲಿ ಒಪ್ಪಿದೆ.

ಮದ್ದೂರಿನವನು, ಓಸ್ಲೋದಲ್ಲಿ

ಅಂಕಲ್, ನಾನು ಮದ್ದೂರಿನವನು. ಏಳು ವರ್ಷದಿಂದ ನಾರ್ವೆಯಲ್ಲಿದ್ದೇನೆ. ಮೇಡಂ ಹೇಳಿದ್ದನ್ನು ಮನೆಯಲ್ಲೇ ನೋಡಿದ್ದೇನೆ. ಇಲ್ಲಿ ತುಂಬಾ ಮನೆಗಳ ಗೋಡೆಯಲ್ಲಿ ಹೀಟ್ ಪಂಪ್ ಇದೆ. ಕರೆಂಟ್ ಬಹುಪಾಲು ನೀರಿನಿಂದಲೇ. ಮೊದಲ ಸಲ ಕೇಳಿದಾಗ ನಮ್ಮ ಶಿವನಸಮುದ್ರ ನೆನಪಾಯಿತು. ಅಲ್ಲಿ 1902ರಲ್ಲೇ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು.

ನನ್ನ ಯಂತ್ರ ಆರ್-32. ಮೈನಸ್ 15ರ ರಾತ್ರಿಯೂ ಮನೆ ಬೆಚ್ಚಗಿರುತ್ತದೆ. ನನಗೆ ಆಶ್ಚರ್ಯ ಆದದ್ದು ಬೇರೆ. ಯಂತ್ರಕ್ಕೆ ಕಷ್ಟ ಕೊಡುವುದು ಮೈನಸ್ 15 ಅಲ್ಲ, ಸೊನ್ನೆಯ ಆಸುಪಾಸು. ಆಗ ಗಾಳಿಯಲ್ಲಿ ತೇವ ಜಾಸ್ತಿ. ಕಾಯಿಲ್ ಮೇಲೆ ಮಂಜು ಬೇಗ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ತಿರುಗುಮುರುಗಾಗಿ ಓಡಿ ಮನೆಯ ಶಾಖವನ್ನೇ ಹೊರಗಿನ ಕಾಯಿಲಿಗೆ ಕೊಡುತ್ತದೆ. ಡಿಫ್ರಾಸ್ಟ್ ಎನ್ನುತ್ತಾರಲ್ಲ, ಅದು. ಮೈನಸ್ 15ರಲ್ಲಿ ಗಾಳಿ ಒಣಗಿರುತ್ತದೆ, ಡಿಫ್ರಾಸ್ಟ್ ಕಡಿಮೆ.

ಅಕ್ಕನಿಗೆ ಹೇಳಿ. ಔಟ್‌ಡೋರ್ ಯುನಿಟ್ ನೆಲದ ಮೇಲೆ ಇಡಬಾರದು. ಸ್ಟ್ಯಾಂಡ್ ಹಾಕಿ ಹಿಮದ ಮಟ್ಟಕ್ಕಿಂತ ಮೇಲೆ ಇರಬೇಕು. ಕರಗಿದ ನೀರು ಕೆಳಗಿನ ಟ್ರೇನಲ್ಲಿ ನಿಂತು ಹೆಪ್ಪುಗಟ್ಟಿದರೆ ಫ್ಯಾನ್ ರೆಕ್ಕೆ ಬಡಿದು ಮುರಿಯುತ್ತದೆ. ಟ್ರೇಗೆ ಹೀಟರ್ ಇದೆಯಾ ಕೇಳಲಿ. ನನ್ನ ಮೊದಲ ಚಳಿಗಾಲ ಇದರಲ್ಲೇ ಹಾಳಾಯಿತು. ಹಾಕಿದವರು ಹೇಳಿರಲಿಲ್ಲ.

ಕುವೆಂಪುನಗರ ತಾಯಿ

ಮೇಡಂ, ಪ್ರೊಪೇನ್ ಅಂದರೆ ಅಡುಗೆ ಗ್ಯಾಸೇ ಅಲ್ವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಪ್ರೊಪೇನ್ ಹೀಟ್ ಪಂಪ್ ಹಾಕಿಸೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ನನಗೆ ಧೈರ್ಯ ಸಾಲದು.

ಮಂಡ್ಯ ಮೆಕ್ಯಾನಿಕಲ್ ಮೇಡಂ

ನಿಮ್ಮ ಭಯ ಸರಿಯಾದದ್ದೇ. ಪ್ರೊಪೇನ್ ಬೆಂಕಿ ಹಿಡಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗ ಸೇರಿದರೆ ಸಾಕು. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ಆದರೆ ಪ್ರಮಾಣ ನೋಡಿ. ಅಡುಗೆಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಇದೆ. ಸಣ್ಣ ಹೀಟ್ ಪಂಪಿನಲ್ಲಿ ಕೆಲವು ನೂರು ಗ್ರಾಂ. ಒಳ್ಳೆಯ ದಾರಿ ಎಂದರೆ ಗ್ಯಾಸ್ ಪೂರ್ತಿ ಹೊರಗಿನ ಪೆಟ್ಟಿಗೆಯಲ್ಲೇ ಇದ್ದು, ಮನೆಯೊಳಗೆ ಬರೀ ನೀರಿನ ಪೈಪ್ ಬರುವ ಮಾದರಿ. ಮಾನೋಬ್ಲಾಕ್ ಎನ್ನುತ್ತಾರೆ. ಅದನ್ನು ಟೆರೇಸಿನ ಬಯಲಲ್ಲಿಡಿ. ಕಿಟಕಿ, ಚರಂಡಿ, ಬಾವಿಯ ಪಕ್ಕ ಬೇಡ.

ಗುಣದಲ್ಲಿ ಪ್ರೊಪೇನ್ ನನಗೆ ತುಂಬಾ ಇಷ್ಟದ ಗ್ಯಾಸ್. ಒತ್ತಿ ಹಿಡಿದರೆ 96 ಡಿಗ್ರಿವರೆಗೂ ದ್ರವವಾಗಿ ನಿಲ್ಲಬಲ್ಲದು. ಆರ್-410ಎ 71ಕ್ಕೇ ಆ ಗುಣ ಕಳೆದುಕೊಳ್ಳುತ್ತದೆ. ಹಾಗಾಗಿ 65, 70 ಡಿಗ್ರಿ ನೀರು ಬೇಕಾದ ಹಳೆಯ ಮನೆಗಳಿಗೂ ಪ್ರೊಪೇನ್ ಒಗ್ಗುತ್ತದೆ. ಕಂಪ್ರೆಸರ್ ಕೂಡ ಆರ್-32ರ ಹಾಗೆ ಕಾಯುವುದಿಲ್ಲ.

ಹೆಬ್ಬಾಳ ರೆಫ್ರಿಜರೇಷನ್

ತಾಯಿ, ಮೇಡಂ ಮಾತಿಗೆ ನಾನೊಂದು ಸೇರಿಸುತ್ತೇನೆ. ಇದನ್ನು ಎಲ್ಲರೂ ಓದಬೇಕು.

ಅಡುಗೆ ಗ್ಯಾಸನ್ನು ಎಸಿಗೆ, ಫ್ರಿಡ್ಜಿಗೆ, ಹೀಟ್ ಪಂಪಿಗೆ ತುಂಬುವವರು ಇದ್ದಾರೆ. ದಯವಿಟ್ಟು ಬೇಡ. ಅಡುಗೆ ಗ್ಯಾಸಿನಲ್ಲಿ ಪ್ರೊಪೇನ್, ಬ್ಯುಟೇನ್ ಎರಡೂ ಇವೆ, ವಾಸನೆಗೆ ಹಾಕಿದ್ದು ಇದೆ, ತೇವ ಇದೆ. ತೇವ ಕ್ಯಾಪಿಲರಿ ಅನ್ನುವ ಸಣ್ಣ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ, ಕಂಪ್ರೆಸರ್ ಆಯಿಲ್ ಕೆಡಿಸುತ್ತದೆ. ಯಂತ್ರಕ್ಕೆ ಹಾಕುವ ಆರ್-290 ಬೇರೆಯೇ, ಶುದ್ಧ ಮಾಡಿದ್ದು. ಅದಕ್ಕೆ ವಾಸನೆ ಇಲ್ಲ. ಲೀಕ್ ಆದರೆ ಮೂಗಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಕೆಲಸ ಮಾಡುವವನು ಡಿಟೆಕ್ಟರ್ ಇಟ್ಟುಕೊಂಡಿರಬೇಕು. ಗ್ಯಾಸ್ ಪೂರ್ತಿ ತೆಗೆದು, ನೈಟ್ರೋಜನ್ ಬಿಟ್ಟು ತೊಳೆಯದೆ ಪೈಪ್ ಬೆಸೆಯುವ ಬ್ರೇಜಿಂಗ್ ಟಾರ್ಚ್ ಹಚ್ಚಬಾರದು. ನನ್ನ ಜೊತೆ ಕೆಲಸ ಕಲಿತ ಹುಡುಗನೊಬ್ಬನ ಕೈ ಸುಟ್ಟಿದ್ದು ಈ ಒಂದು ಹೆಜ್ಜೆ ಬಿಟ್ಟಿದ್ದಕ್ಕೆ. ಇನ್ನೂ ಬೆರಳು ಪೂರ್ತಿ ಮಡಿಸಲು ಆಗುವುದಿಲ್ಲ.

ಆರ್-454ಬಿ ಥರದ ಬೆರಕೆ ಗ್ಯಾಸ್‌ಗೆ ಇನ್ನೊಂದು ನಿಯಮ. ಸಿಲಿಂಡರಿನಿಂದ ದ್ರವವಾಗಿಯೇ ತೆಗೆದು ಹಾಕಬೇಕು. ಆವಿ ತೆಗೆದರೆ ಹಗುರವಾದದ್ದು ಮೊದಲು ಬಂದು ಪಾಲು ಕೆಡುತ್ತದೆ. ಆರ್-32, ಆರ್-290 ಒಂಟಿ ಗ್ಯಾಸ್, ಆ ತಾಪತ್ರಯ ಇಲ್ಲ.

ಪಾಂಡವಪುರ ಹಾಲಿನವರು

ಅಣ್ಣಾ, ನಮ್ಮ ಮನೆಯಲ್ಲಿ ಇನ್ನೂ ಹಂಡೆ ಒಲೆ. ತೆಂಗಿನ ಮಟ್ಟೆ, ಕಬ್ಬಿನ ಸೋಗೆ ಇದ್ದೇ ಇರುತ್ತೆ. ಸ್ನಾನಕ್ಕೆ ಅದು ಸಾಕು. ನನ್ನ ಚಿಂತೆ ನಮ್ಮೂರ ಡೇರಿದು. ಹಾಲು ತಣ್ಣಗೆ ಮಾಡುವ ಯಂತ್ರ ಒಂದು ಕಡೆ ಬಿಸಿ ಗಾಳಿ ಉಗುಳುತ್ತಾ ಇರುತ್ತೆ. ಪಕ್ಕದಲ್ಲೇ ಕ್ಯಾನ್ ತೊಳೆಯಲು ಗೀಸರ್ ಹಾಕಿ ಕರೆಂಟ್ ಸುಡುತ್ತೇವೆ. ಇದು ಸರಿಯಾ?

ಇನ್ನೊಂದು, ಸೋಡಾ ಗ್ಯಾಸಿನಲ್ಲೇ ಓಡುವ ಹೀಟ್ ಪಂಪ್ ಜಪಾನಿನಲ್ಲಿದೆ ಎಂದು ಕೇಳಿದ್ದೆ. ನಿಜವಾ?

ಮಂಡ್ಯ ಮೆಕ್ಯಾನಿಕಲ್ ಮೇಡಂ

ಎರಡೂ ಒಳ್ಳೆಯ ಪ್ರಶ್ನೆ. ಹಾಲಿನ ಕೂಲರ್ ಕೂಡ ಹೀಟ್ ಪಂಪೇ. ಹಾಲನ್ನು 4 ಡಿಗ್ರಿಗೆ ಇಳಿಸುವಾಗ ಅದರಲ್ಲಿದ್ದ ಶಾಖವನ್ನು ಹೊರಗೆ ಎಸೆಯುತ್ತಿದೆ. ಕಂಪ್ರೆಸರಿನಿಂದ ಬರುವ ಬಿಸಿ ಪೈಪನ್ನು ಬಿಸಿ ಗಾಳಿ ಉಗುಳುವ ಕಂಡೆನ್ಸರಿಗೆ ಹೋಗುವ ಮೊದಲು ಒಂದು ನೀರಿನ ಎಕ್ಸ್‌ಚೇಂಜರ್ ಒಳಗೆ ಹಾಯಿಸಿದರೆ ಕ್ಯಾನ್ ತೊಳೆಯುವ ನೀರು ಪುಕ್ಕಟೆಯಾಗಿ ಬೆಚ್ಚಗಾಗುತ್ತದೆ. ಗೀಸರ್ ಮಿಕ್ಕಿದ್ದು ಕಾಯಿಸಿದರೆ ಸಾಕು. ಇದನ್ನು ನಿಮ್ಮ ಸಂಘದ ಸಭೆಯಲ್ಲಿ ಖಂಡಿತ ಎತ್ತಿ.

ಸೋಡಾ ಗ್ಯಾಸಿನದು ನಿಜ. ಇಂಗಾಲದ ಡೈಆಕ್ಸೈಡ್, ಆರ್-744. ಜಪಾನಿನಲ್ಲಿ 2001ರಿಂದ ಇಕೋಕ್ಯೂಟ್ ಹೆಸರಿನಲ್ಲಿ ಮಾರುತ್ತಿದ್ದಾರೆ. ಬೆಂಕಿ ಹಿಡಿಯುವುದಿಲ್ಲ. ಮೈನಸ್ 25ರಲ್ಲೂ ಅದರ ಪ್ರೆಶರ್ 17 ಬಾರ್ ಹತ್ತಿರ, ಆವಿ ಗಟ್ಟಿ. ಕಡುಚಳಿಗೆ ಹೇಳಿ ಮಾಡಿಸಿದ್ದು. ಕಷ್ಟ ಇರುವುದು ಬಿಸಿಯ ಕಡೆ. 31 ಡಿಗ್ರಿ ದಾಟಿದರೆ ಅದು ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. ನೂರು ಬಾರ್ ಆಸುಪಾಸಿನಲ್ಲಿ ಆವಿಯಾಗಿಯೇ ತಣ್ಣಗಾಗುತ್ತಾ ಹೋಗುತ್ತದೆ. ಎದುರಿಗೆ ತಣ್ಣೀರು ಬಂದರೆ ಒಂದೇ ಸಲಕ್ಕೆ 65, 90 ಡಿಗ್ರಿವರೆಗೆ ಚೆನ್ನಾಗಿ ಕಾಯಿಸುತ್ತದೆ. ಆಗಲೇ 45 ಇರುವ ನೀರನ್ನು 55ಕ್ಕೆ ಏರಿಸು ಎಂದರೆ ಸೋಲುತ್ತದೆ. ತಣ್ಣೀರು ಒಂದು ಕಡೆಯಿಂದ ಬಂದು ಬಿಸಿನೀರು ಇನ್ನೊಂದು ಕಡೆ ಹೋಗಿ ಮುಗಿಯುವ ಜಾಗಕ್ಕೆ ಸರಿ. ಪೈಪಿನಲ್ಲಿ ಸುತ್ತಿ ಸುತ್ತಿ ಬರುವ ಲಾಡ್ಜಿನ ನೀರಿಗೆ ಅಲ್ಲ.

ಹೆಬ್ಬಾಳ ರೆಫ್ರಿಜರೇಷನ್

ಸುತ್ತುವ ನೀರು ಎಂದ ಕೂಡಲೇ ನೆನಪಾಯಿತು. ಸರಸ್ವತಿಪುರಂ ಸರ್, ಲಾಡ್ಜಿನಲ್ಲಿ ಬಿಸಿನೀರನ್ನು ಪೈಪಿನಲ್ಲಿ ಸುತ್ತಿಸಿ ಮತ್ತೆ ಟ್ಯಾಂಕಿಗೆ ತರುವ ರಿಟರ್ನ್ ಪಂಪ್ ಇದೆಯಾ? ಇದ್ದರೆ ರಾತ್ರಿಯೆಲ್ಲಾ ಓಡುತ್ತಾ? ನೋಡಿ.

ಸರಸ್ವತಿಪುರಂ ನಿವಾಸಿ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲಾ ನೋಡಿ, ಅಳೆದು ಬರೆಯೋಣ ಎಂದು ಕಾದೆ.

ಬೆಳಗ್ಗೆ ಐದಕ್ಕೆ ಟೆರೇಸಿನ ಬಯಲಲ್ಲಿ 15 ಡಿಗ್ರಿ, ಗೂಡಿನೊಳಗೆ ಯಂತ್ರ ಓಡುವಾಗ 7 ಡಿಗ್ರಿ. ಮೇಸ್ತ್ರಿ ಹೇಳಿದ್ದೇ ನಿಜ. ಮೂರೂ ಕಡೆಯ ಶೀಟ್ ಬಿಚ್ಚಿಸಿ ಮೇಲೆ ಮಾತ್ರ ಉಳಿಸಿದೆವು. ಕಾಯಿಲಿನ ಧೂಳು ತೊಳೆಸಿದೆವು. ರಿಟರ್ನ್ ಪಂಪ್ ಇಪ್ಪತ್ನಾಲ್ಕು ಗಂಟೆಯೂ ಓಡುತ್ತಿತ್ತು. ಟ್ಯಾಂಕಿನ ಬಿಸಿನೀರು ಇಡೀ ಕಟ್ಟಡದ ಪೈಪಿನಲ್ಲಿ ರಾತ್ರಿಯೆಲ್ಲಾ ತಿರುಗಿ ತಣ್ಣಗಾಗುತ್ತಿತ್ತು. ಈಗ ಅದಕ್ಕೆ ಬೆಳಗ್ಗೆ ಐದರಿಂದ ಒಂಬತ್ತು ಮಾತ್ರ. ಹೀಟ್ ಪಂಪ್ ಟೈಮರ್ ಮಧ್ಯಾಹ್ನ ಹನ್ನೆರಡರಿಂದ ಐದಕ್ಕೆ ಬದಲಾಯಿಸಿದೆವು. ಗ್ಯಾಸ್ ಅದೇ ಆರ್-134ಎ, ಒಂದು ಗ್ರಾಂ ಮುಟ್ಟಿಲ್ಲ. ನಿನ್ನೆ ಬೆಳಗ್ಗೆ ಆರಕ್ಕೆ ಟ್ಯಾಂಕಿನಲ್ಲಿ 52 ಡಿಗ್ರಿ ಇತ್ತು. ಸಬ್ ಮೀಟರಿನಲ್ಲಿ ಮೊದಲು ದಿನಕ್ಕೆ 14 ಯುನಿಟ್ ಬರುತ್ತಿತ್ತು, ಈಗ 7.

ನಾನೂ ಮೇಡಂ ಥರ ಲೆಕ್ಕ ಹಾಕಿದೆ. 500 ಲೀಟರ್ ನೀರನ್ನು 20ರಿಂದ 55ಕ್ಕೆ ಏರಿಸಲು 20 ಯುನಿಟ್ ಶಾಖ ಬೇಕು. 7ರಲ್ಲಿ ಆಗುತ್ತಿದೆ ಎಂದರೆ ಮೂರು ಪಟ್ಟು ಹತ್ತಿರ. ತಂಗಿ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು ಬಕೆಟ್‌ಗಳಿಗೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಇಡುತ್ತಿದ್ದಳು.

ಮಗಳ ಜೊತೆ ನಿನ್ನೆ ರಾತ್ರಿ ಮಾತಾಡಿದೆ. ಆರ್-410ಎ ರೇಟ್ ಬಿಟ್ಟಳು. ಉಳಿದ ಎರಡರಲ್ಲಿ ಏನೇನು ಕೇಳಬೇಕು, ಒಮ್ಮೆ ಹೇಳಿಬಿಡಿ ಮೇಡಂ.

ಮಂಡ್ಯ ಮೆಕ್ಯಾನಿಕಲ್ ಮೇಡಂ

ತುಂಬಾ ಖುಷಿಯಾಯಿತು ಸರ್. ನಿಮ್ಮ 15 ಮತ್ತು 7ರ ಅಳತೆಯನ್ನು ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ.

ಮಗಳಿಗೆ ಇದು. ಬ್ರೋಷರಿನ ಮುಂದೆ ದಪ್ಪಕ್ಷರದಲ್ಲಿ ಇರುವ ಸಂಖ್ಯೆ ಸಾಮಾನ್ಯವಾಗಿ 7, 8 ಡಿಗ್ರಿ ಹವೆಯದು. ಅದನ್ನು ಬಿಟ್ಟು ಒಳಗಿನ ಕೋಷ್ಟಕ ತೆಗೆಸಲಿ. ಮೈನಸ್ 15ರಲ್ಲಿ, ಮೈನಸ್ 25ರಲ್ಲಿ ಎಷ್ಟು ಕಿಲೋವ್ಯಾಟ್ ಶಾಖ, ಎಷ್ಟು ಕರೆಂಟ್, ಎರಡೂ ಇರಬೇಕು. ಆ ರಾತ್ರಿ ಅವರ ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು ಎಂದು ಹಾಕುವವರು ಲೆಕ್ಕ ಮಾಡಿಕೊಡಲಿ, ಬರೀ ಚದರ ಅಡಿ ನೋಡಿ ಅಂದಾಜು ಬೇಡ. ವೇಪರ್ ಇಂಜೆಕ್ಷನ್ ಇದೆಯಾ, ಓಸ್ಲೋ ಹುಡುಗ ಹೇಳಿದ ಟ್ರೇ ಹೀಟರ್ ಇದೆಯಾ, ಎಷ್ಟು ಡಿಗ್ರಿಗೆ ಯಂತ್ರ ನಿಂತುಹೋಗುತ್ತದೆ, ಆಗ ಬದಲಿ ಹೀಟರ್ ಯಾವುದು. ಇಷ್ಟರಲ್ಲಿ ಯಾರದು ಗಟ್ಟಿಯೋ ಅವರದೇ ತಗೊಳ್ಳಲಿ, ಆರ್-32 ಆಗಲಿ ಆರ್-454ಬಿ ಆಗಲಿ.

ಮದ್ದೂರಿನವನು, ಓಸ್ಲೋದಲ್ಲಿ

ಅಂಕಲ್, ಕೋಷ್ಟಕ ಬಂದ ಮೇಲೆ ಇಲ್ಲೇ ಹಾಕಿ. ನನ್ನ ಯಂತ್ರದ ಮೈನಸ್ 15ರ ಸಾಲನ್ನೂ ನಾನು ಹಾಕುತ್ತೇನೆ, ಪಕ್ಕಪಕ್ಕ ಇಟ್ಟು ನೋಡೋಣ.

ಪಾಂಡವಪುರ ಹಾಲಿನವರು

ಮೇಸ್ತ್ರಿ ಅಣ್ಣಾ, ಭಾನುವಾರ ನಮ್ಮ ಡೇರಿ ಕೂಲರ್ ನೋಡಲು ಬರುತ್ತೀರಾ? ಬೆಳಗಿನ ಹಾಲು ಎಂಟೂವರೆಗೆ ಮುಗಿಯುತ್ತೆ. ಊಟ ನಮ್ಮನೆಯಲ್ಲೇ.

ಹೆಬ್ಬಾಳ ರೆಫ್ರಿಜರೇಷನ್

ಏಳಕ್ಕೇ ಬರುತ್ತೇನೆ ಅಣ್ಣ. ಯಂತ್ರ ಓಡುವಾಗಲೇ ಪೈಪಿನ ಬಿಸಿ ಅಳೆಯಬೇಕು.